ಎಡನೀರಿನಿಂದ ಹೋದ ಅರ್ಜಿ



ಸಂವಿಧಾನದ ಬಗ್ಗೆ ಮಾತಾಡಲು ಬಂದವರು ಸಾಮಾನ್ಯವಾಗಿ ಇಂಗ್ಲೆಂಡಿನ ಮ್ಯಾಗ್ನಾ ಕಾರ್ಟಾದಿಂದ ಹೊರಟು, ಅಮೆರಿಕ, ಫ್ರಾನ್ಸ್ ಸುತ್ತಿ, ಸಭಿಕರು ಗಡಿಯಾರ ನೋಡತೊಡಗಿದ ಹೊತ್ತಿಗೆ ದಿಲ್ಲಿ ತಲುಪುತ್ತಾರೆ. ಪುತ್ತೂರು, ಸುಳ್ಯ, ಕಡಬದವರ ಮುಂದೆ ಮಾತಾಡುವಾಗ ಅಷ್ಟು ದೂರ ತಿರುಗಬೇಕಾಗಿಲ್ಲ. ಬೆಳ್ಳಾರೆಯಿಂದ ಹೊರಟರೆ ಸಾಕು.

1834ರಲ್ಲಿ ಕೊಡಗಿನ ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದ ಇಳಿಸಿದ ಕಂಪನಿ ಸರಕಾರ ಅಮರ ಸುಳ್ಯ ಸೀಮೆಯನ್ನು ಕೊಡಗಿನಿಂದ ಕಿತ್ತು ಕೆನರಾ ಜಿಲ್ಲೆಗೆ ಸೇರಿಸಿತು. ಅರಸರ ಕಾಲದಲ್ಲಿ ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ಇನ್ನು ಹಣದಲ್ಲೇ ಕಟ್ಟಬೇಕು ಎಂದಿತು. ಭತ್ತ ಬೆಳೆಯುವವನ ಕೈಯಲ್ಲಿ ಹಣವೆಲ್ಲಿ? ಅದು ಇದ್ದದ್ದು ಸಾಲ ಕೊಡುವವರ ಪೆಟ್ಟಿಗೆಯಲ್ಲಿ. 1837ರಲ್ಲಿ ಕೆದಂಬಾಡಿ ರಾಮಯ್ಯ ಗೌಡರು ಮತ್ತವರ ಸಂಗಡಿಗರು ಕಲ್ಯಾಣಸ್ವಾಮಿಯ ಹೆಸರಿನಲ್ಲಿ ದಂಡು ಕಟ್ಟಿದರು. ಬೆಳ್ಳಾರೆಯ ಖಜಾನೆ ವಶವಾಯಿತು. ಏಪ್ರಿಲ್ ತಿಂಗಳಲ್ಲಿ ದಂಡು ಮಂಗಳೂರನ್ನೇ ಹಿಡಿದು, ಎರಡು ವಾರಕ್ಕೆ ತುಸು ಕಡಿಮೆ ಕಾಲ ಆಳಿತು. ಆಮೇಲೆ ಕಂಪನಿಯ ಸೈನ್ಯ ಬಂತು, ನೇಣುಗಂಬಗಳೂ ಬಂದವು. ಈ ಹೋರಾಟಕ್ಕೆ ಊರವರೇ ‘ಕಲ್ಯಾಣಪ್ಪನ ಕಾಟಕಾಯಿ’ ಎಂದು ಹೆಸರಿಟ್ಟು ನಕ್ಕದ್ದುಂಟು. ಸೋತವರನ್ನು ಲೇವಡಿ ಮಾಡುವುದು ಸುಲಭ.

ಶೌರ್ಯದ ಮಾತನ್ನು ಬೇರೆ ವೇದಿಕೆಗಳಲ್ಲಿ ಕೇಳಿದ್ದೀರಿ. ನನ್ನ ಮಾತು ಬೇರೆ. ‘ನಮ್ಮಿಂದ ಈ ತೆರಿಗೆ ಕೇಳಲು ನಿಮಗೆ ಅಧಿಕಾರ ಎಲ್ಲಿಂದ ಬಂತು?’ ಎಂಬ ಪ್ರಶ್ನೆಗೆ ಆಗ ಕಟ್ಟೆಯೇ ಇರಲಿಲ್ಲ. ಕಂಪನಿಯ ಹತ್ತಿರ ರಾಶಿಗಟ್ಟಲೆ ಕಾಯಿದೆ ಇತ್ತು. ಆದರೆ ಕಾಯಿದೆ ಮಾಡುವಲ್ಲಿ ಸುಳ್ಯದವನಿಗೆ ಜಾಗ ಇರಲಿಲ್ಲ, ಕಂಪನಿಯನ್ನೇ ಕಟ್ಟಿಹಾಕುವ ಕಾಯಿದೆಯೂ ಅವನ ಕೈಯಲ್ಲಿರಲಿಲ್ಲ. ಕಾಯಿದೆ ಇದ್ದ ಮಾತ್ರಕ್ಕೆ ಸಂವಿಧಾನದ ಆಳ್ವಿಕೆ ಆಗುವುದಿಲ್ಲ. ಕಾಯಿದೆ ಮಾಡುವವನೂ ಒಂದು ಕಾಯಿದೆಗೆ ಒಳಪಟ್ಟಿರಬೇಕು.

ಅಂಥ ಕಾಯಿದೆಯ ಮೊದಲ ಕರಡನ್ನು ಸಿದ್ಧಪಡಿಸಿದವರು ನಮ್ಮ ಕರಾವಳಿಯ ಬೆನೆಗಲ್ ನರಸಿಂಗ ರಾವ್. ತನಗೆ ಸಲ್ಲಿಸುತ್ತಿರುವ ಶ್ರೇಯಸ್ಸಿನಲ್ಲಿ ಅವರಿಗೂ ಪಾಲಿದೆ ಎಂದು 1949ರ ನವೆಂಬರ್ 25ರಂದು ಅಂಬೇಡ್ಕರರೇ ಹೇಳಿದ್ದಾರೆ. ರಾಯರ ತಮ್ಮ ಶಿವರಾವ್ ಸಂವಿಧಾನ ಸಭೆಯ ಸದಸ್ಯರು, 1952ರಲ್ಲಿ ದಕ್ಷಿಣ ಕನ್ನಡ ದಕ್ಷಿಣ ಕ್ಷೇತ್ರದಿಂದ ಲೋಕಸಭೆಗೆ ಗೆದ್ದವರು.

ಇನ್ನು ಎಡನೀರು. ಪೆರ್ಲ, ಬದಿಯಡ್ಕ ದಾಟಿ ಚೆರ್ಕಳದ ದಾರಿ ಹಿಡಿದರೆ ಸಿಗುವ ಮಠ. ಅಲ್ಲಿದ್ದ ಕೇಶವಾನಂದ ಭಾರತೀ ಸ್ವಾಮೀಜಿಯವರನ್ನು ನಿಮ್ಮಲ್ಲಿ ಅನೇಕರು ಭಾಗವತಿಕೆ ಹಾಡಿದವರಾಗಿ, ಯಕ್ಷಗಾನಕ್ಕೆ ಆಶ್ರಯ ಕೊಟ್ಟವರಾಗಿ ಬಲ್ಲಿರಿ. ದೇಶದ ವಕೀಲರು ಬಲ್ಲದ್ದು ಬೇರೆ ಕಾರಣಕ್ಕೆ. ಕೇರಳದ ಭೂಸುಧಾರಣಾ ಕಾನೂನಿನಿಂದ ಮಠದ ಜಾಗ ಹೋಗುವುದೆಂದಾಗ ಅವರು 1970ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಅಷ್ಟರಲ್ಲಿ ಸಂಸತ್ತು ಸಂವಿಧಾನವನ್ನೇ ತಿದ್ದಿತು. ಹಾಗಾಗಿ ಗದ್ದೆ ತೋಟದ ತಕರಾರು ಬೆಳೆದು, ಸಂಸತ್ತು ಏನನ್ನು ಬೇಕಾದರೂ ತಿದ್ದಬಹುದೇ ಎಂಬಲ್ಲಿಗೆ ಬಂತು. 13 ನ್ಯಾಯಮೂರ್ತಿಗಳು 68 ದಿನ ಕೇಳಿ, 1973ರ ಏಪ್ರಿಲ್ 24ರಂದು 7–6ರ ಬಹುಮತದಲ್ಲಿ ತೀರ್ಪಿತ್ತರು: ಯಾವ ವಿಧಿಯನ್ನಾದರೂ ತಿದ್ದಬಹುದು, ಸಂವಿಧಾನದ ಮೂಲ ರಚನೆಯನ್ನು ಕೆಡಿಸುವಂತಿಲ್ಲ.

ತಾಳಮದ್ದಳೆ ಕೇಳುವ ನಿಮಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಅರ್ಥಧಾರಿ ಎಷ್ಟು ಬೇಕಾದರೂ ಮಾತು ಬೆಳೆಸಲಿ, ಹೊಸ ತರ್ಕ ಹೂಡಲಿ, ಕರ್ಣನನ್ನು ಆಕಾಶಕ್ಕೇರಿಸಲಿ. ಆದರೆ ಕರ್ಣಪರ್ವದಲ್ಲಿ ಕರ್ಣನನ್ನು ಗೆಲ್ಲಿಸಿ ಮನೆಗೆ ಕಳಿಸುವಂತಿಲ್ಲ. ಪ್ರಸಂಗ ಅವನದಲ್ಲ.

ಸ್ವಾಮೀಜಿಗೆ ಜಾಗ ಉಳಿಯಲಿಲ್ಲ. ಕೇರಳದ ಕಾನೂನಿಗೆ ರಕ್ಷಣೆ ಕೊಟ್ಟ ತಿದ್ದುಪಡಿಯನ್ನು ನ್ಯಾಯಾಲಯ ಎತ್ತಿಹಿಡಿಯಿತು. ಬಹುಮತದ ಕಡೆಗಿದ್ದ ಕಾರ್ಕಳ ಕಡೆಯ ಕೌಡೂರು ಸದಾನಂದ ಹೆಗ್ಡೆಯವರಿಗೆ ಮುಖ್ಯ ನ್ಯಾಯಮೂರ್ತಿ ಸ್ಥಾನ ತಪ್ಪಿತು. ಸರಕಾರ ಅವರೂ ಸೇರಿ ಮೂವರನ್ನು ದಾಟಿ ಕಿರಿಯರೊಬ್ಬರನ್ನು ಕೂರಿಸಿತು, ಮೂವರೂ ರಾಜೀನಾಮೆ ಕೊಟ್ಟರು. ಆದರೆ 1975ರಲ್ಲಿ ಪ್ರಧಾನಿಯ ಚುನಾವಣೆಯನ್ನು ಕೋರ್ಟಿನ ಕೈಗೆ ಸಿಗದಂತೆ ಮಾಡಲು ತಂದ ತಿದ್ದುಪಡಿ ಬಿದ್ದದ್ದು ಎಡನೀರಿನ ಈ ತೀರ್ಪಿನ ಬಲದಿಂದಲೇ.

ಇಲ್ಲಿಗೇ ನಿಲ್ಲಿಸಿದರೆ ಅರ್ಧ ಕಥೆ ಹೇಳಿದಂತಾಗುತ್ತದೆ. ಗಡಿಯ ಈಚೆಗೆ, ಕರ್ನಾಟಕದಲ್ಲಿ, 1974ರ ಮಾರ್ಚ್ 1ರಿಂದ ದೇವರಾಜ ಅರಸರ ಸರಕಾರದ ಭೂಸುಧಾರಣಾ ತಿದ್ದುಪಡಿ ಕಾನೂನು ಜಾರಿಗೆ ಬಂತು. ಗೇಣಿಗಿದ್ದ ಭೂಮಿ ಸರಕಾರಕ್ಕೆ ಸೇರಿ, ಗೇಣಿದಾರ ಅರ್ಜಿ ಹಾಕಿದರೆ ಅವನದಾಗುವ ವ್ಯವಸ್ಥೆ. ಚಾಲಗೇಣಿಯ ಒಕ್ಕಲೆಂದರೆ ಧನಿ ಏಳು ಎಂದ ದಿನ ಏಳಬೇಕಾದವನು. ಅವನು ಏಳನೆಯ ನಮೂನೆ ಹಿಡಿದು, ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರಾಗಿದ್ದ ಭೂನ್ಯಾಯ ಮಂಡಳಿಯ ಎದುರು ಧನಿಯ ಸಮಕ್ಕೆ ನಿಂತ. ಮಂಡಳಿಯಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದ ಒಬ್ಬ ಸದಸ್ಯರಾದರೂ ಇರಲೇಬೇಕಿತ್ತು. ಆ ಅರ್ಜಿಯಿಂದ ಹುಟ್ಟಿದ ‘ಡಿಕ್ಲರೇಶನ್ ಹಾಕಿದ ಜಾಗ’ ಎಂಬ ಮಾತು ಇಂದಿಗೂ ನಮ್ಮಲ್ಲಿ ಇದೆ. ಈ ಸಭೆಯಲ್ಲೇ ಡಿಕ್ಲರೇಶನ್ ಹಾಕಿದವರ ಮಕ್ಕಳಿದ್ದೀರಿ, ಜಾಗ ಬಿಟ್ಟುಕೊಟ್ಟವರ ಮಕ್ಕಳೂ ಇದ್ದೀರಿ. ಅಕ್ಕಪಕ್ಕ ಕೂತಿರಲೂಬಹುದು. ಆ ಕಹಿ ಕೆಲವು ಮನೆಗಳಲ್ಲಿ ಇನ್ನೂ ಆರಿಲ್ಲ ಎಂದು ಬಲ್ಲೆ.

ಮಠಾಧಿಪತಿ ಸರಕಾರವನ್ನು ಕೇಳಿದ್ದೂ ಒಕ್ಕಲು ಧನಿಯನ್ನು ಕೇಳಿದ್ದೂ ಒಂದೇ ಪ್ರಶ್ನೆ: ನಿನಗೆ ಈ ಅಧಿಕಾರ ಎಲ್ಲಿಂದ ಬಂತು? ಅಧಿಕಾರಕ್ಕೆ ಮಿತಿ ಹಾಕುವುದಷ್ಟೇ ಸಂವಿಧಾನ ಎನ್ನುವವರು ಒಕ್ಕಲನ್ನು ಮರೆಯುತ್ತಾರೆ. ಬಡವನಿಗೆ ಒಳಿತು ಮಾಡುವ ಸರಕಾರಕ್ಕೆ ಮಿತಿಯೇಕೆ ಎನ್ನುವವರು 1975ನ್ನು ಮರೆಯುತ್ತಾರೆ. ಇಬ್ಬರೂ ನಮ್ಮೂರಿನ ಚರಿತ್ರೆಯನ್ನು ಓದಿಲ್ಲ ಎಂದೇ ನನ್ನ ಅಭಿಪ್ರಾಯ.

ಈಗ ನಮ್ಮ ಕಾಲದ ಮಾತು. ಸಂವಿಧಾನದ 243ಇ ವಿಧಿ ಪ್ರಕಾರ ಪಂಚಾಯತಿನ ಅವಧಿ ಐದು ವರ್ಷ. ಅದು ಮುಗಿಯುವುದರೊಳಗೆ ಚುನಾವಣೆ ಆಗಬೇಕು. 2016ರಲ್ಲಿ ಆರಿಸಿದ ತಾಲೂಕು, ಜಿಲ್ಲಾ ಪಂಚಾಯತುಗಳ ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ ಎಂದು ಚುನಾವಣೆ ವರ್ಷದಿಂದ ವರ್ಷಕ್ಕೆ ಮುಂದೆ ಹೋಯಿತು. ಸದಸ್ಯರ ಕುರ್ಚಿ ಖಾಲಿ, ಆಡಳಿತಾಧಿಕಾರಿಗಳದ್ದೇ ಆಳ್ವಿಕೆ. ಸರಕಾರ ನಡೆಸಿದ ಪಕ್ಷ ಬದಲಾದರೂ ಇದು ಬದಲಾಗಲಿಲ್ಲ. ಕಡಬ ತಾಲೂಕು ಕೆಲಸ ಶುರುಮಾಡಿದ್ದೇ 2016ರ ಆ ಚುನಾವಣೆಯ ನಂತರ; ಈ ಮುಂದೂಡಿಕೆಯಿಂದಾಗಿ ತನ್ನದೇ ತಾಲೂಕು ಪಂಚಾಯತನ್ನು ಆರಿಸುವ ಅವಕಾಶ ಅದಕ್ಕೆ ಸಿಗಲಿಲ್ಲ. 1837ರಲ್ಲಿ ಕೇಳಲು ಕಟ್ಟೆ ಇರಲಿಲ್ಲ. ಈಗ ಇದೆ, ನಾವು ಕೇಳುತ್ತಿಲ್ಲ.

ಮುಂದಿನ ಗ್ರಾಮಸಭೆಗೆ ದಯವಿಟ್ಟು ಹೋಗಿ. ರಸ್ತೆ, ನೀರಿನ ಅರ್ಜಿ ಕೊಟ್ಟ ಮೇಲೆ ಇದನ್ನೂ ಕೇಳಿ. ‘ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಸಬೇಕು’ ಎಂದು ನಿರ್ಣಯ ಮಾಡಿಸಿ, ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ ಬನ್ನಿ.