ವೈರಸ್ ಬಂತು ಅಂತ ಫಾರ್ಮ್ಯಾಟ್ ಹೊಡೀಬೇಡಿ: ಮನೆ ಕಂಪ್ಯೂಟರ್ ಉಳಿಸಿಕೊಳ್ಳುವ ಬಗೆ

ಆಫೀಸ್ ಲ್ಯಾಪ್‌ಟಾಪ್‌ಗೆ ಏನಾದ್ರೂ ಆದ್ರೆ ಐಟಿ ಸಪೋರ್ಟ್ ಇರುತ್ತೆ. ಮನೆ ಕಂಪ್ಯೂಟರ್‌ಗೆ ಯಾರಿದ್ದಾರೆ? ಅದರಲ್ಲೇ ಮಗುವಿನ ನಾಮಕರಣದ ಫೋಟೋ, ಊರಿನ ಜಮೀನಿನ ಪಹಣಿ ಸ್ಕ್ಯಾನ್, ಅಪ್ಪ ನುಡಿಯಲ್ಲಿ ಟೈಪ್ ಮಾಡಿಟ್ಟ ಮನೆತನದ ವಂಶಾವಳಿ ಎಲ್ಲ ಇರೋದು.

ವೇಳಚ್ಚೇರಿಯ ಒಬ್ಬ ಗೆಳೆಯರ ಮನೆಯಲ್ಲಿ ಹೀಗೇ ಆಯ್ತು. ಯಾವ ಫೈಲೂ ತೆರೆಯುತ್ತಿಲ್ಲ, ಎಲ್ಲದರ ಹೆಸರಿನ ಕೊನೆಗೆ ವಿಚಿತ್ರವಾದ ನಾಲ್ಕಕ್ಷರ, ಪ್ರತಿ ಫೋಲ್ಡರಿನಲ್ಲೂ 'ರೀಡ್‌ಮಿ' ಅನ್ನೋ ಟೆಕ್ಸ್ಟ್ ಫೈಲ್. ಅದರಲ್ಲಿ 980 ಡಾಲರ್ ಕೊಡಿ, 72 ಗಂಟೆಯೊಳಗೆ ಸಂಪರ್ಕಿಸಿದರೆ ಅರ್ಧ ಬೆಲೆ, ಅಂತ. ಇದು ಸ್ಟಾಪ್ ಅಥವಾ ಡಿಜೆವಿಯು ಅನ್ನೋ ರ‍್ಯಾನ್ಸಮ್‌ವೇರ್ ಕುಟುಂಬ. 2017ರ ಮೇ ತಿಂಗಳಲ್ಲಿ ಸುದ್ದಿಯಾದ ವಾನ್ನಾಕ್ರೈ ನೆಟ್‌ವರ್ಕ್ ಮೂಲಕ ತಾನೇ ಹರಡಿತ್ತು. ಇದು ಹಾಗಲ್ಲ. ಹೆಚ್ಚಾಗಿ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಮತ್ತು ಆಕ್ಟಿವೇಟರ್‌ಗಳ ಜೊತೆ ಬರುತ್ತೆ. ಹಾಗಾಗಿ ಮನೆ ಕಂಪ್ಯೂಟರ್‌ಗಳೇ ಇದಕ್ಕೆ ಜಾಸ್ತಿ ಸಿಕ್ಕಿಬೀಳೋದು.

ಮೊದಲು ವೈಫೈ ತೆಗೀರಿ, ಪೆನ್‌ಡ್ರೈವ್, ಹೊರಗಿನ ಡಿಸ್ಕ್ ಕೀಳಿ. ಫೈಲುಗಳು ಇನ್ನೂ ಬದಲಾಗ್ತಾ ಇದ್ರೆ ಪವರ್ ಬಟನ್ ಒತ್ತಿ ಹಿಡಿದು ಆರಿಸಿಬಿಡಿ. ದುಡ್ಡು ಕಟ್ಟಬೇಡಿ. ಕಟ್ಟಿದ ಮೇಲೂ ಕೀಲಿ ಬರುತ್ತೆ ಅನ್ನೋ ಖಾತ್ರಿ ಏನೂ ಇಲ್ಲ.

ರಿಚ್ಚಿ ಸ್ಟ್ರೀಟ್‌ನ ಅಂಗಡಿಗೆ ಒಯ್ಯೋದಾದ್ರೆ ಮೊದಲೇ ಹೇಳಿ: "ಫಾರ್ಮ್ಯಾಟ್ ಬೇಡ." ಯಾಕೆ ಅಂದ್ರೆ, ಬೀಗ ಬಿದ್ದ ಫೈಲು ಸತ್ತ ಫೈಲಲ್ಲ. ಇವತ್ತು ಇಲ್ಲದ ಕೀಲಿ ನಾಳೆ ಸಿಗಬಹುದು. ಈ ಕುಟುಂಬಕ್ಕೇ 2019ರ ಅಕ್ಟೋಬರ್‌ನಲ್ಲಿ ಎಮ್ಸಿಸಾಫ್ಟ್ ಕಂಪನಿ ಉಚಿತ ಟೂಲ್ ಬಿಟ್ಟಾಗ, ಆವರೆಗಿನ 148 ತಳಿಗಳಿಗೆ ಅದು ಕೆಲಸ ಮಾಡ್ತಿತ್ತು. ಹಾಳಾದ ಫೈಲುಗಳನ್ನ ಕಾದಿಟ್ಟವರಿಗೆ ಮಾತ್ರ ಅದರ ಲಾಭ.

ಆದ್ದರಿಂದ ಒಂದು ಹೊಸ ಡಿಸ್ಕ್ ತನ್ನಿ. ಇನ್ನೊಂದು ಕಂಪ್ಯೂಟರಿನಲ್ಲಿ ಉಬುಂಟು ಪೆನ್‌ಡ್ರೈವ್ ತಯಾರು ಮಾಡಿ, ಅದರಿಂದ ಬೂಟ್ ಮಾಡಿ. ವಿಂಡೋಸ್ ಓಡೋದಿಲ್ಲವಾದ್ದರಿಂದ ವೈರಸ್ಸೂ ಓಡಲ್ಲ. ಬೀಗ ಬಿದ್ದ ಫೈಲುಗಳನ್ನೂ ಆ ರೀಡ್‌ಮಿಯನ್ನೂ ಹೊಸ ಡಿಸ್ಕಿಗೆ ನಕಲು ಮಾಡಿ.

ಆಮೇಲೆ 'ನೋ ಮೋರ್ ರ‍್ಯಾನ್ಸಮ್' ತಾಣಕ್ಕೆ ಹೋಗಿ. ಯೂರೋಪೋಲ್, ಡಚ್ ಪೊಲೀಸ್ ಮತ್ತು ಭದ್ರತಾ ಕಂಪನಿಗಳು ಸೇರಿ 2016ರಲ್ಲಿ ಶುರು ಮಾಡಿದ್ದು, ಪೂರ್ತಿ ಉಚಿತ. ಒಂದು ಫೈಲು ಮತ್ತು ರೀಡ್‌ಮಿ ಕೊಟ್ಟರೆ ಯಾವ ತಳಿ ಅಂತ ಹೇಳುತ್ತೆ. ಡಿಜೆವಿಯು ಆಗಿದ್ರೆ ರೀಡ್‌ಮಿಯ ಕೊನೆಯಲ್ಲಿರೋ ಐಡಿ ನೋಡಿ. ಅದು 'ಟಿ1' ಅಂತ ಮುಗಿದರೆ ಆಸೆ ಇಟ್ಕೊಳ್ಳಿ. ವೈರಸ್ಸಿಗೆ ತನ್ನ ಸರ್ವರ್ ಸಿಗದೆ, ತನ್ನೊಳಗೇ ಇದ್ದ ಆಫ್‌ಲೈನ್ ಕೀಲಿ ಬಳಸಿದೆ ಅಂತ ಅರ್ಥ. ಅದೇ ಕೀಲಿ ಹಲವರಿಗೆ ಬಳಕೆಯಾಗಿರುತ್ತೆ, ಒಂದು ಕಡೆ ಸಿಕ್ಕರೆ ಎಲ್ಲರಿಗೂ ಆಗುತ್ತೆ. ಆನ್‌ಲೈನ್ ಕೀಲಿ ಆದ್ರೆ ಪ್ರತಿ ಕಂಪ್ಯೂಟರಿಗೂ ಬೇರೆ ಬೇರೆ.

ಕೀಲಿ ಸಿಗದಿದ್ರೂ ಕೈ ಚೆಲ್ಲಬೇಡಿ. ಈ ವೈರಸ್ ಪ್ರತಿ ಫೈಲಿನ ಮೊದಲ ಸುಮಾರು 150 ಕೆಬಿ ಮಾತ್ರ ಕೆಡಿಸುತ್ತೆ. ಸಣ್ಣ ಡಾಕ್ಯುಮೆಂಟು ಪೂರ್ತಿ ಹೋಗುತ್ತೆ, ನಿಜ. ಆದ್ರೆ ದೊಡ್ಡ ಮದುವೆ ವಿಡಿಯೋಗಳನ್ನ, ಅದೇ ಕ್ಯಾಮೆರಾದ ಸರಿಯಾದ ಇನ್ನೊಂದು ವಿಡಿಯೋ ಇದ್ರೆ, ರಿಪೇರಿ ಟೂಲ್‌ನಿಂದ ಎಷ್ಟೋ ಸಲ ಎಬ್ಬಿಸಬಹುದು. ಜಿಪ್ ಫೈಲಿನೊಳಗೆ ಮೊದಲಿನದು ಬಿಟ್ಟು ಉಳಿದವು ಸಾಮಾನ್ಯವಾಗಿ ಸಿಗುತ್ತವೆ. ಕ್ಯಾಮೆರಾ ಕಾರ್ಡ್ ಮೇಲೆ ಫೋಟೋರೆಕ್ ಓಡಿಸಿ, ಅಳಿಸಿದ ಫೋಟೋಗಳೂ ಬರಬಹುದು. ಅಕ್ಕನ ವಾಟ್ಸಾಪ್, ಹಳೇ ಜಿಮೇಲ್ ಅಟ್ಯಾಚ್‌ಮೆಂಟ್ ಹುಡುಕಿ. ಗೆಳೆಯರ ಮನೆಯ ವಂಶಾವಳಿ ಸಿಕ್ಕಿದ್ದು ಹಾಗೇ, ಅಪ್ಪ ಎಂದೋ ಚಿಕ್ಕಪ್ಪನಿಗೆ ಮೇಲ್ ಮಾಡಿದ್ರು.

ಈಗ ವಿಂಡೋಸ್ ಹೊಸದಾಗಿ ಹಾಕಿ. ಇಲ್ಲೊಂದು ನಮ್ಮ ಕನ್ನಡದವರದ್ದೇ ಗಾಬರಿ ಇದೆ. ಉಳಿದುಬಂದ ಹಳೇ ಕನ್ನಡ ಫೈಲು ತೆರೆದ್ರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತೆ. ಅದು ವೈರಸ್ಸಿನ ಕೆಲಸ ಅಲ್ಲ! ಹಳೇ ನುಡಿ, ಬರಹ ಫೈಲುಗಳು ಯೂನಿಕೋಡ್‌ನಲ್ಲಿ ಇರೋದಿಲ್ಲ, ಆ ಫಾಂಟ್ ಇದ್ರೆ ಮಾತ್ರ ಕನ್ನಡವಾಗಿ ಕಾಣ್ತವೆ. ಅಳಿಸಬೇಡಿ, ಫಾಂಟ್ ಹಾಕಿ. ಹಾಗೇ ಯೂನಿಕೋಡ್‌ಗೆ ಪರಿವರ್ತಿಸಿ ಇಟ್ಕೊಳ್ಳಿ.

ಪಾಸ್‌ವರ್ಡ್‌ಗಳನ್ನೂ ಬದಲಿಸಿ, ಸೋಂಕು ಇಲ್ಲದ ಬೇರೆ ಸಾಧನದಿಂದ. ಈ ವೈರಸ್ ಜೊತೆ ಪಾಸ್‌ವರ್ಡ್ ಕದಿಯೋ ಪ್ರೋಗ್ರಾಂ ಬರೋದುಂಟು. ಮೊದಲು ಇಮೇಲ್, ಆಮೇಲೆ ಬ್ಯಾಂಕ್. ಖಾತೆಯಿಂದ ಹಣ ಹೋಗಿದ್ರೆ ತಕ್ಷಣ 1930ಕ್ಕೆ ಫೋನ್ ಮಾಡಿ.

ಕೊನೆಗೆ ಬ್ಯಾಕಪ್. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಮನೆಯ ಹೊರಗೆ. ಮನೆಯ ಹೊರಗೆ ಯಾಕೆ ಅಂತ ಚೆನ್ನೈನವರಿಗೆ ಹೇಳಬೇಕಾಗಿಲ್ಲ. 2015ರ ಡಿಸೆಂಬರ್, 2023ರ ಮಿಚಾಂಗ್ ಎರಡನ್ನೂ ನೋಡಿದ್ದೇವೆ. ನೆಲಮಹಡಿಯಲ್ಲಿ ನೀರು ನುಗ್ಗಿದ್ರೆ ಕಂಪ್ಯೂಟರೂ ಬ್ಯಾಕಪ್ ಡಿಸ್ಕೂ ಒಟ್ಟಿಗೇ ಹೋಗ್ತವೆ. ಸದಾ ಸಿಕ್ಕಿಸಿಟ್ಟ ಡಿಸ್ಕಿಗೆ ವೈರಸ್ಸೂ ಬೀಗ ಹಾಕುತ್ತೆ, ನಕಲಾದ ಮೇಲೆ ಕಿತ್ತಿಡಿ.

ನಮಗೊಂದು ಅನುಕೂಲ ಇದೆ: ಹಬ್ಬಕ್ಕೆ ಊರಿಗೆ ಹೋಗ್ತೀವಲ್ಲ. ದೀಪಾವಳಿಗೆ ಒಂದು ಡಿಸ್ಕ್ ಒಯ್ದು ಊರಿನ ಮನೆ ಬೀರುವಿನಲ್ಲಿಡಿ, ಯುಗಾದಿಗೆ ಬದಲಿಸಿ. ಅಮ್ಮನಿಗೆ ಒಂದು ಮಾತು ಹೇಳಿಡಿ, ಹಳೇ ಸಾಮಾನು ಅಂತ ಗುಜರಿಗೆ ಹಾಕಿಬಿಡಬಾರದು.