ಕೈ ದಣಿದರೆ ದಾಖಲೆ ಕೆಡುತ್ತದೆ



ಕೈಯಲ್ಲಿ ಹಿಡಿದು ಬಳಸುವ ದಾಖಲೆ ಸ್ಕ್ಯಾನರನ್ನು ಹೇಗೆ ವಿನ್ಯಾಸಗೊಳಿಸಬೇಕು ಎಂಬುದು ಈ ವಿಚಾರ ಸಂಕಿರಣದಲ್ಲಿ ನಮ್ಮ ಮುಂದಿರುವ ವಿಷಯ. ಗೋಷ್ಠಿಗಳನ್ನು ಎರಡು ಭಾಗ ಮಾಡಲಾಗಿದೆ. ಒಂದು ಚಿತ್ರದ ಗುಣಮಟ್ಟದ್ದು, ಇನ್ನೊಂದು ಎರ್ಗನಾಮಿಕ್ಸ್‌ನದು, ಅಂದರೆ ಬಳಸುವವರ ದೇಹಕ್ಕೆ ಉಪಕರಣ ಒಗ್ಗುವಂತೆ ಮಾಡುವ ಶಾಸ್ತ್ರದ್ದು. ಚರ್ಚೆಯ ಅನುಕೂಲಕ್ಕೆ ಈ ವಿಂಗಡಣೆ ಸರಿ. ಆದರೆ ವಿನ್ಯಾಸಕರ ಮೇಜಿನ ಮೇಲೆ ಇವೆರಡೂ ಒಂದೇ ಪ್ರಶ್ನೆ ಎಂಬುದು ನನ್ನ ದೃಢವಾದ ನಂಬಿಕೆ. ಕೈಯಿಂದ ಎಳೆಯುವ ಸ್ಕ್ಯಾನರ್‌ನಲ್ಲಿ ಕೈಯೇ ಯಂತ್ರದ ಚಲಿಸುವ ಭಾಗ. ಆ ಭಾಗ ದಣಿದರೆ ಸಾಲು ಓರೆಯಾಗುತ್ತದೆ, ಅಕ್ಷರ ಹಿಗ್ಗುತ್ತದೆ, ಗೆರೆ ತಪ್ಪುತ್ತದೆ. ಮಣಿಕಟ್ಟನ್ನು ಕಾಯದ ವಿನ್ಯಾಸ ದಾಖಲೆಯನ್ನೂ ಕಾಯಲಾರದು.

ಇದು ನಮಗೆ ಏಕೆ ಮುಖ್ಯ ಎಂಬುದನ್ನು ತಿಳಿಯಲು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನೊಳಗೆ ಹೋಗಬೇಕು. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯಡಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ಅದು ದೊಡ್ಡ ಸಾಧನೆ. ಆದರೆ ಆಗ ಕಂಪ್ಯೂಟರಿಗೆ ಏರಿದ್ದು ಚಾಲ್ತಿಯಲ್ಲಿದ್ದ ವಿವರ. ಅದರ ಹಿಂದಿನ ಕೈಬರಹದ ಪಹಣಿ, ಮ್ಯುಟೇಶನ್ ರಿಜಿಸ್ಟರು, ಆಕಾರಬಂದ್, ಸರ್ವೆ ಟಿಪ್ಪಣಿ, ಸಾಗುವಳಿ ಚೀಟಿಯ ಕಡತ, ಗ್ರಾಮ ನಕ್ಷೆಗಳೆಲ್ಲ ಬಟ್ಟೆ ಸುತ್ತಿದ ಬಸ್ತಾಗಳಲ್ಲೇ ಉಳಿದವು. ಈಚಿನ ವರ್ಷಗಳಲ್ಲಿ ಭೂ ಸುರಕ್ಷಾ ಯೋಜನೆ ಆ ಬಸ್ತಾಗಳನ್ನು ಬಿಚ್ಚಿಸಿ ಸ್ಕ್ಯಾನ್ ಮಾಡಿಸುತ್ತಿದೆ.

ಆ ಕಾಗದಗಳು ಒಂದೇ ಅಳತೆಯವಲ್ಲ. 1956ರಲ್ಲಿ ರಾಜ್ಯ ಒಂದಾಗುವ ಮುನ್ನ ನಮ್ಮ ಜಿಲ್ಲೆಗಳು ಮೈಸೂರು, ಮುಂಬೈ, ಹೈದರಾಬಾದ್, ಮದ್ರಾಸ್, ಕೊಡಗು ಎಂದು ಐದು ಆಡಳಿತಗಳಲ್ಲಿ ಹಂಚಿಹೋಗಿದ್ದವು. ಒಂದೊಂದು ಆಡಳಿತಕ್ಕೂ ಅದರದೇ ನಮೂನೆ, ಅದರದೇ ರಿಜಿಸ್ಟರು. ಧಾರವಾಡ, ಬೆಳಗಾವಿಯ ಕಡೆಯ ಹಳೆಯ ಕಾಗದಗಳಲ್ಲಿ ಮೋಡಿ ಲಿಪಿ ಸಿಗುತ್ತದೆ. ಕಲಬುರಗಿ, ಬೀದರಿನ ಕಡೆ ಉರ್ದು ಸಿಗುತ್ತದೆ. ಕೆಲವು ರಿಜಿಸ್ಟರುಗಳು ಎ4 ಹಾಳೆಯ ಎರಡರಷ್ಟು ಅಗಲ. ಹೊಲಿಗೆ ಬಿಗಿಯಾಗಿರುವುದರಿಂದ ಪುಟ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ. ಅಂಚು ಪುಡಿಯಾಗಿರುತ್ತದೆ, ತುಕ್ಕು ಹಿಡಿದ ಗುಂಡುಪಿನ್ನು ಕಾಗದಕ್ಕೆ ಕಚ್ಚಿಕೊಂಡಿರುತ್ತದೆ. ಅಲ್ಲಿ ಬರೆದಿರುವುದು ಎಕರೆ, ಗುಂಟೆ, ಆಣೆಯ ಲೆಕ್ಕ. 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ. ಸರ್ವೆ ನಂಬರಿನ ಮುಂದಿನ ಓರೆಗೆರೆಯ ನಂತರ ಹಿಸ್ಸಾ ಸಂಖ್ಯೆ. ಆ ಸಣ್ಣ ಓರೆಗೆರೆ ಸ್ಕ್ಯಾನ್‌ನಲ್ಲಿ ಅಳಿಸಿಹೋದರೆ ಅಣ್ಣತಮ್ಮಂದಿರ ಪಾಲು ಪಂಚಾಯಿತಿಗೆ ಬರುತ್ತದೆ, ಆಮೇಲೆ ಕೋರ್ಟಿಗೆ ಹೋಗುತ್ತದೆ.

ಮೊಬೈಲ್ ಕ್ಯಾಮೆರಾ ಇರುವಾಗ ಕೈ ಸ್ಕ್ಯಾನರ್ ಏಕೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಬಿಡಿ ಹಾಳೆಯೊಂದರ ಪ್ರತಿ ಬೇಕಿದ್ದರೆ ಮೊಬೈಲ್ ಸಾಕು. ಆದರೆ ನೂರಾರು ಪುಟಗಳಿಗೆ ಫೋನನ್ನು ಪುಟದ ಮೇಲೆ ಸಮವಾಗಿ ಎತ್ತಿ ಹಿಡಿಯುವುದರಿಂದ ಭುಜ ಸೋಲುತ್ತದೆ. ಕೈಯ ನೆರಳು ಬೀಳುತ್ತದೆ, ಅಂಚು ಬಾಗುತ್ತದೆ, ಅಳತೆ ನಂಬಲಾಗದು. ನಕ್ಷೆಯ ಮಟ್ಟಿಗೆ ಇದು ದೊಡ್ಡ ತೊಂದರೆ. ಫ್ಲಾಟ್‌ಬೆಡ್ ಸ್ಕ್ಯಾನರ್‌ನಲ್ಲಿ ರಿಜಿಸ್ಟರನ್ನು ಕವುಚಿ ಒತ್ತಬೇಕು, ಹೊಲಿಗೆ ಹರಿಯುತ್ತದೆ. ಮೇಲಿನಿಂದ ಚಿತ್ರ ತೆಗೆಯುವ ಪುಸ್ತಕ ಸ್ಕ್ಯಾನರ್ ಉತ್ತಮ. ಜಾಗ, ಮೇಜು, ಸ್ಥಿರವಾದ ವಿದ್ಯುತ್ ಇರುವಲ್ಲಿ ಅದನ್ನೇ ಬಳಸಬೇಕು. ಅವು ಇಲ್ಲದ ಕಡೆ, ದಾಖಲೆಯನ್ನು ಕದಲಿಸಲಾಗದ ಕಡೆ, ಕಪಾಟಿನ ಪಕ್ಕದಲ್ಲೇ ಕೆಲಸ ಮುಗಿಸಬೇಕಾದ ಕಡೆ ಕೈ ಸ್ಕ್ಯಾನರ್‌ಗೆ ನಿಜವಾದ ಸ್ಥಾನವಿದೆ.

ಅದಕ್ಕೊಂದು ಮಿತಿಯೂ ಇದೆ. ಕಾಗದದ ಮೇಲೆ ಉರುಳುವ ಯಾವ ಸ್ಕ್ಯಾನರನ್ನೂ ಓಲೆಗರಿಯ ಮೇಲೆ ಎಳೆಯಬಾರದು. ಆರ್. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ 1909ರಲ್ಲಿ ಅಚ್ಚಿಗೆ ತಂದದ್ದು ಓಲೆಗರಿಯ ಪ್ರತಿಯಿಂದ. ಅಂಥ ಗರಿಗೆ ಮುಟ್ಟದೆ ಚಿತ್ರ ತೆಗೆಯುವ ವಿಧಾನವೇ ಬೇಕು. ಉಪಕರಣವನ್ನು ಎಲ್ಲಿ ಬಳಸಬಾರದು ಎಂಬುದನ್ನೂ ವಿನ್ಯಾಸಕರು ಮೊದಲೇ ಬರೆದಿಡಬೇಕು.

ಇನ್ನು ಯಂತ್ರದ ಚರಿತ್ರೆಗೆ ಬರೋಣ. 1980ರ ದಶಕದ ಕೊನೆಯಲ್ಲಿ ಬಂದ ಲಾಜಿಟೆಕ್‌ನ ಸ್ಕ್ಯಾನ್‌ಮ್ಯಾನ್‌ನಂಥ ಕೈ ಸ್ಕ್ಯಾನರ್‌ಗಳ ಅಗಲ ಸುಮಾರು 4 ಇಂಚು. ಕೆಳಗಿನ ಉರುಳೆ ಎಷ್ಟು ಸುತ್ತಿತು ಎಂಬುದರಿಂದ ಯಂತ್ರಕ್ಕೆ ದೂರ ಗೊತ್ತಾಗುತ್ತಿತ್ತು. ಕೈ ಪಕ್ಕಕ್ಕೆ ಹೊರಳಿದ್ದು ಮಾತ್ರ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ನೇರವಾಗಿ, ಒಂದೇ ವೇಗದಲ್ಲಿ ಎಳೆಯುವ ಹೊಣೆಯೆಲ್ಲ ಬಳಸುವವರ ಮೇಲೆ ಬಿತ್ತು. ಒಂದು ಪುಟಕ್ಕೆ ಎರಡು ಮೂರು ಪಟ್ಟಿ ಎಳೆದು ಜೋಡಿಸುವ ಕೆಲಸ ಬೇರೆ.

1990ರ ದಶಕದ ಕೊನೆಯಲ್ಲಿ ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯ ಕ್ಯಾಪ್‌ಶೇರ್ ಈ ಹೊಣೆಯನ್ನು ಯಂತ್ರಕ್ಕೆ ವಹಿಸಿತು. ಅದರ ತಳದಲ್ಲಿ ಎರಡು ಸಣ್ಣ ಬೆಳಕಿನ ಸಂವೇದಕಗಳಿದ್ದವು. ಕಾಗದದ ನಾರಿನ ಉಬ್ಬುತಗ್ಗುಗಳನ್ನು ಅವು ಮತ್ತೆ ಮತ್ತೆ ಚಿತ್ರಿಸಿ, ಹಿಂದಿನ ಚಿತ್ರಕ್ಕೂ ಈಗಿನದಕ್ಕೂ ಹೋಲಿಸಿ, ಎಷ್ಟು ಸರಿಯಿತು ಎಂದು ಲೆಕ್ಕ ಹಾಕುತ್ತಿದ್ದವು. ಸಂವೇದಕ ಒಂದೇ ಇದ್ದರೆ ಸರಿದದ್ದು ತಿಳಿಯುತ್ತದೆ, ಎರಡಿದ್ದರೆ ತಿರುಗಿದ್ದೂ ತಿಳಿಯುತ್ತದೆ. ಬಳಸುವವರು ಪುಟದ ಮೇಲೆ ಹಾವಿನ ಹಾದಿಯಲ್ಲಿ ಎಳೆದರೂ ಯಂತ್ರವೇ ಪುಟವನ್ನು ನೇರ ಮಾಡಿ ಜೋಡಿಸುತ್ತಿತ್ತು. ಇದೇ ತಂತ್ರ ಮುಂದೆ ಆಪ್ಟಿಕಲ್ ಮೌಸ್‌ಗೆ ದಾರಿಯಾಯಿತು. ಆದರೆ ನಂತರ ಮಾರುಕಟ್ಟೆ ತುಂಬಿದ ಅಗ್ಗದ ಕೋಲು ಸ್ಕ್ಯಾನರ್‌ಗಳು ಮತ್ತೆ ಉರುಳೆಗೇ ಮರಳಿದವು, ಅದರೊಂದಿಗೆ ಹಳೆಯ ಹೊಣೆಯೂ ಕೈಗೆ ಮರಳಿತು.

ಈ ಹೊಣೆ ಎಷ್ಟು ಭಾರವೆಂದು ಲೆಕ್ಕ ಹಾಕಿ ನೋಡೋಣ. 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕಿಗಳಿರುವಾಗ, ಒಂದು ಚುಕ್ಕಿಯ ಅಳತೆ ಸುಮಾರು 0.085 ಮಿಲಿಮೀಟರ್. ಎ4 ಹಾಳೆಯ 210 ಮಿಲಿಮೀಟರ್ ಅಗಲದ ಮೇಲೆ ಸ್ಕ್ಯಾನರ್ ಒಂದೇ ಒಂದು ಡಿಗ್ರಿ ತಿರುಗಿತು ಎಂದುಕೊಳ್ಳಿ. ಒಂದು ತುದಿ ನಿಂತಲ್ಲೇ ಇದ್ದರೂ ಇನ್ನೊಂದು ತುದಿ ಮೂರೂವರೆ ಮಿಲಿಮೀಟರಿಗಿಂತ ಹೆಚ್ಚು ಸರಿಯುತ್ತದೆ, ಅಂದರೆ ನಲವತ್ತಕ್ಕೂ ಹೆಚ್ಚು ಗೆರೆಗಳ ವ್ಯತ್ಯಾಸ. ಒಂದು ಡಿಗ್ರಿಯ ಹೊರಳುವಿಕೆಯನ್ನು ಗಂಟೆಗಟ್ಟಲೆ ತಡೆದುಕೊಂಡಿರಿ ಎಂದು ಯಾವ ಮಣಿಕಟ್ಟಿಗೂ ನಾವು ಹೇಳುವಂತಿಲ್ಲ.

ವೇಗದ ಮಾತೂ ಹಾಗೆಯೇ. ಒಂದು ಗೆರೆ ಓದಲು ಸಂವೇದಕಕ್ಕೆ 1 ಮಿಲಿಸೆಕೆಂಡ್ ಬೇಕೆಂದಿಟ್ಟುಕೊಳ್ಳಿ. 300 ಡಿಪಿಐನಲ್ಲಿ ಎ4 ಪುಟದ ಉದ್ದ ಮುಗಿಯಲು ಮೂರೂವರೆ ಸೆಕೆಂಡ್, 600 ಡಿಪಿಐನಲ್ಲಿ ಏಳು ಸೆಕೆಂಡ್. ಆ ಏಳು ಸೆಕೆಂಡೂ ಕೈಯನ್ನು ತಡೆತಡೆದು ನಿಧಾನವಾಗಿ ಎಳೆಯಬೇಕು. ಬೇಗ ಎಳೆಯುವುದಕ್ಕಿಂತ ಹೀಗೆ ಬಿಗಿಹಿಡಿದು ಎಳೆಯುವುದು ಮುಂದೋಳಿಗೆ ಹೆಚ್ಚು ಶ್ರಮ. ಬೆಳಕು ಹೆಚ್ಚಿಸಿ, ಓದುವ ಸಮಯ ಅರ್ಧ ಮಾಡಿದರೆ ಕೈಗೆ ಬಿಡುಗಡೆ. ಹಾಗಾಗಿ ಎಲ್‌ಇಡಿ ಮತ್ತು ಸಂವೇದಕದ ಆಯ್ಕೆಯೂ ಎರ್ಗನಾಮಿಕ್ಸ್ ನಿರ್ಧಾರವೇ. ಎಲೆಕ್ಟ್ರಾನಿಕ್ಸ್ ಎಂಜಿನಿಯರುಗಳು ಇದನ್ನು ತಮ್ಮ ಹೊಣೆಯೆಂದು ಭಾವಿಸಬೇಕೆಂದು ಪ್ರಾರ್ಥಿಸುತ್ತೇನೆ.

ಈಗ ಕೈಯನ್ನು ಹತ್ತಿರದಿಂದ ನೋಡೋಣ. 1956ರಲ್ಲಿ ಜಾನ್ ನೇಪಿಯರ್ ಎಂಬ ಬ್ರಿಟಿಷ್ ಅಂಗರಚನಾ ತಜ್ಞರು ಮನುಷ್ಯನ ಹಿಡಿತವನ್ನು ಎರಡು ಬಗೆಯಾಗಿ ವಿವರಿಸಿದರು: ಅಂಗೈ ತುಂಬ ಹಿಡಿಯುವ ಬಲದ ಹಿಡಿತ, ಬೆರಳ ತುದಿಯಲ್ಲಿ ಹಿಡಿಯುವ ನಾಜೂಕಿನ ಹಿಡಿತ. ಕೋಲು ಸ್ಕ್ಯಾನರ್ ಏಕಕಾಲಕ್ಕೆ ಎರಡನ್ನೂ ಬೇಡುತ್ತದೆ. ಕಾಗದಕ್ಕೆ ಒತ್ತಿ ಹಿಡಿಯಲು ಬಲ ಬೇಕು, ನೇರ ನಡೆಸಲು ನಾಜೂಕು ಬೇಕು. ಬೆರಳುಗಳನ್ನು ಮಡಿಸುವ ಮುಖ್ಯ ಸ್ನಾಯುಗಳಿರುವುದು ಮುಂದೋಳಿನಲ್ಲಿ. ಅವುಗಳ ಸ್ನಾಯುರಜ್ಜುಗಳು ಮಣಿಕಟ್ಟಿನ ಇಕ್ಕಟ್ಟಾದ ಹಾದಿಯಲ್ಲಿ ಹಾದು ಬೆರಳಿಗೆ ಬರುತ್ತವೆ. ಮಣಿಕಟ್ಟು ಬಾಗಿದಾಗ ಹಿಡಿತದ ಶಕ್ತಿ ಕುಗ್ಗುತ್ತದೆ, ಆ ಹಾದಿಯಲ್ಲಿ ಒತ್ತಡ ಏರುತ್ತದೆ. ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿಯೇ ಇರಬೇಕೆಂದರೆ ಇನ್ನೊಂದು ನೋವು. ಸ್ವಿಸ್ ವೈದ್ಯ ಫ್ರಿಟ್ಜ್ ಡಿ ಕ್ವರ್ವೈನ್ 1895ರಲ್ಲಿ ವಿವರಿಸಿದ, ಹೆಬ್ಬೆರಳ ಬುಡದ ಆ ಬೇನೆಗೆ ಇಂದಿಗೂ ಅವರದೇ ಹೆಸರಿದೆ.

ಕೋಲು ಸ್ಕ್ಯಾನರ್‌ನ ಮೂಲ ತೊಡಕು ಅದರ ಆಕಾರದಲ್ಲೇ ಇದೆ. ಎಳೆಯುವ ದಿಕ್ಕಿಗೆ ಅಡ್ಡಲಾಗಿರುವ ಕೋಲನ್ನೇ ಹಿಡಿ ಎಂದು ಕೊಟ್ಟಿದ್ದಾರೆ. ಅಂಗೈ ಕೆಳಮುಖವಾಗಿ, ಮಣಿಕಟ್ಟು ಕಿರುಬೆರಳ ಕಡೆಗೆ ಓರೆಯಾಗಿ ಕೂರುತ್ತದೆ. ನಮ್ಮ ಮನೆಯ ಇಸ್ತ್ರಿ ಪೆಟ್ಟಿಗೆಯನ್ನು ನೋಡಿ. ಅದರ ಹಿಡಿ ಚಲಿಸುವ ದಿಕ್ಕಿನಲ್ಲೇ ಇದೆ, ತೂಕದ ನೇರ ಮೇಲಿದೆ. ಹಿಡಿದಾಗ ಹೆಬ್ಬೆರಳು ಮುಂದಕ್ಕೆ ನೋಡುತ್ತದೆ, ಮುಂದೋಳೂ ಮಣಿಕಟ್ಟೂ ಒಂದೇ ಸಾಲಿನಲ್ಲಿರುತ್ತವೆ. ಸ್ಕ್ಯಾನರ್‌ಗೂ ಅಂಥ ಎತ್ತರಿಸಿದ ಹಿಡಿ ಏಕಿರಬಾರದು? ಅದರೊಳಗೆ ಬ್ಯಾಟರಿ ಇಟ್ಟರೆ ಭಾರದ ಕೇಂದ್ರ ಅಂಗೈ ಕೆಳಗೇ ಬರುತ್ತದೆ. ಹಿಡಿಯ ದಪ್ಪಕ್ಕೆ ಸಾಮಾನ್ಯವಾಗಿ 30ರಿಂದ 50 ಮಿಲಿಮೀಟರ್ ಸೂಚಿಸುತ್ತಾರೆ. ಆದರೆ ಯಾರ ಕೈಗೆ? ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1997ರಲ್ಲಿ ಪ್ರಕಟಿಸಿದ, ದೇಬ್‌ಕುಮಾರ್ ಚಕ್ರವರ್ತಿ ಅವರ ಭಾರತೀಯ ದೇಹ ಅಳತೆಗಳ ಗ್ರಂಥ ನಮ್ಮ ಬಳಿ ಇದೆ. ವಿದೇಶಿ ಗಂಡಸರ ಕೈಯಳತೆಯ ಅಚ್ಚನ್ನು ತಂದು ನಮ್ಮ ಹೆಣ್ಣುಮಕ್ಕಳ ಕೈಗೆ ಕೊಡುವುದಕ್ಕೆ ಇನ್ನು ನೆಪವಿಲ್ಲ. ಎಡಗೈಯವರನ್ನು ಮರೆಯುವುದಕ್ಕೂ ನೆಪವಿಲ್ಲ.

ಸಣ್ಣ ವಿಷಯಗಳೆಂದು ಬಿಟ್ಟುಬಿಡುವ ಕೆಲವನ್ನು ಇಲ್ಲಿ ಹೇಳಲೇಬೇಕು. ಒಂದು ಬದಿಯಿಂದ ಹೊರಡುವ ಕೇಬಲ್ ಪ್ರತಿ ಎಳೆತದಲ್ಲೂ ಸ್ಕ್ಯಾನರನ್ನು ಅತ್ತ ಜಗ್ಗುತ್ತದೆ, ಅದಕ್ಕೆ ತಿರುಗುವ ಬುಡ ಬೇಕು. ಮುಂದಿನ ಅಂಚು ಚೂಪಾಗಿದ್ದರೆ ಮುದುರಿದ ಕಾಗದ ಅದಕ್ಕೆ ಸಿಕ್ಕಿ ಹರಿಯುತ್ತದೆ, ಆ ಅಂಚು ಮೇಲಕ್ಕೆ ಬಾಗಿರಬೇಕು. ಓದುವ ಗಾಜಿನ ಮೇಲೆ ಧೂಳಿನ ಒಂದು ಕಣ ಕೂತರೆ ಪುಟದುದ್ದಕ್ಕೂ ಗೆರೆಯೊಂದು ಮೂಡುತ್ತದೆ. ರೆಕಾರ್ಡ್ ರೂಮಿನಲ್ಲಿ ಧೂಳಿಗೆ ಬರವಿಲ್ಲ. ಆದ್ದರಿಂದ ಗಾಜನ್ನು ಉಪಕರಣ ಬಿಚ್ಚದೆ ಒಂದೇ ಒರೆಸಿಗೆ ಶುಚಿ ಮಾಡುವಂತಿರಬೇಕು. ಬೈಂಡಿನ ಬುಡದಲ್ಲಿ ಪುಟ ಗಾಜಿನಿಂದ ಸ್ವಲ್ಪ ದೂರವಾದರೂ, ಕಾಗದಕ್ಕೆ ತಾಗಿಕೊಂಡೇ ಓದುವ ಕಾಂಟ್ಯಾಕ್ಟ್ ಸಂವೇದಕಕ್ಕೆ ಅಕ್ಷರ ಮಸುಕಾಗುತ್ತದೆ. ಆಗ ಆಪರೇಟರ್ ಬಲವಾಗಿ ಒತ್ತುತ್ತಾರೆ, ಕೈಯೂ ನೋಯುತ್ತದೆ, ಹೊಲಿಗೆಯೂ ಬಿಚ್ಚುತ್ತದೆ. ಒಂದು ತುದಿಯ ಅಂಚನ್ನು ತೆಳ್ಳಗೆ ಮಾಡಿ ಓದುವ ಗೆರೆಯನ್ನು ಆ ತುದಿಯವರೆಗೂ ಒಯ್ದರೆ ಈ ಒತ್ತುವಿಕೆ ತಪ್ಪುತ್ತದೆ. ವೇಗ ಮೀರಿದಾಗ ಉರಿಯುವ ಕೆಂಪು ದೀಪವೂ ಸಾಲದು, ಏಕೆಂದರೆ ಆಪರೇಟರ ಕಣ್ಣು ಪುಟದ ಮೇಲಿರುತ್ತದೆ. ಸೂಚನೆ ಅಂಗೈಗೆ ತಾಗುವ ಮೆಲುಕಂಪನವಾಗಿ ಬರಲಿ, ಆ ಕಂಪನ ಓದುವ ಗೆರೆಗೆ ತಲುಪದಂತೆ ನೋಡಿಕೊಳ್ಳುವುದು ಯಂತ್ರಶಿಲ್ಪಿಗಳ ಸವಾಲು.

ಪರೀಕ್ಷೆಯ ವಿಧಾನದ ಬಗ್ಗೆ ನನ್ನ ಆಗ್ರಹ ಖಚಿತವಾದದ್ದು. ಶುಭ್ರವಾದ ಬಿಳಿ ಹಾಳೆಯ ಮೇಲೆ ಹತ್ತು ನಿಮಿಷ ಎಳೆದು ತೋರಿಸುವ ಪ್ರದರ್ಶನವನ್ನು ಪರೀಕ್ಷೆ ಎನ್ನಬಾರದು. 200 ಎಲೆಗಳ ರಿಜಿಸ್ಟರಿನಲ್ಲಿ 400 ಪುಟ. ಪುಟಕ್ಕೆ ಎರಡು ಎಳೆತವಾದರೆ 800 ಎಳೆತ. ಅಷ್ಟನ್ನೂ ಮಾಡಿಸಿ ನೋಡಬೇಕು. ಭಂಗಿಯನ್ನು ಅಳೆಯಲು 1993ರಿಂದ ಬಳಕೆಯಲ್ಲಿರುವ ರೂಲಾ ವಿಧಾನವಿದೆ, ಶ್ರಮದ ಅನುಭವವನ್ನು ಅಂಕಿಯಲ್ಲಿ ಕೇಳಲು ಬೋರ್ಗ್ ಮಾಪಕವಿದೆ, ಸ್ನಾಯುವಿನ ದಣಿವು ಅಳೆಯಲು ಇಎಂಜಿ ಇದೆ. ಇವುಗಳ ಫಲಿತಾಂಶವನ್ನು ಅದೇ ಗಂಟೆಯ ಚಿತ್ರಗಳ ಪಕ್ಕದಲ್ಲಿಟ್ಟು ನೋಡಿ. ದಿನದ ಮೊದಲ ಪುಟದಲ್ಲೂ ಕೊನೆಯ ಪುಟದಲ್ಲೂ ಹಿಸ್ಸಾ ಸಂಖ್ಯೆ ಒಂದೇ ಸ್ಪಷ್ಟತೆಯಲ್ಲಿ ಓದಲು ಬಂದರೆ ಮಾತ್ರ ಆ ಸ್ಕ್ಯಾನರ್ ಉತ್ತೀರ್ಣ.

ಉಪಕರಣ ಎಷ್ಟೇ ಒಳ್ಳೆಯದಾದರೂ ಕೆಲಸದ ಏರ್ಪಾಡು ಕೆಟ್ಟದ್ದಾದರೆ ಪ್ರಯೋಜನವಿಲ್ಲ. ಹೊರಗುತ್ತಿಗೆಯಲ್ಲಿ ದುಡಿಯುವವರಿಗೆ ಪುಟದ ಲೆಕ್ಕದಲ್ಲಿ ಕೂಲಿ ಕೊಟ್ಟರೆ ಅವರು ವಿರಾಮ ತೆಗೆದುಕೊಳ್ಳುವುದಿಲ್ಲ, ನೋವನ್ನು ಹೇಳಿಕೊಳ್ಳುವುದೂ ಇಲ್ಲ. ಎಳೆಯುವ ಕೆಲಸ, ಪುಟ ಬಿಡಿಸುವ ಕೆಲಸ, ಸೂಚಿ ಬರೆಯುವ ಕೆಲಸಗಳನ್ನು ಸರದಿಯಲ್ಲಿ ಹಂಚಬೇಕು. ಟೆಂಡರ್ ಷರತ್ತಿನಲ್ಲಿ ಡಿಪಿಐ ಬರೆಯುವ ಇಲಾಖೆಗಳು ಹಿಡಿಯ ಅಳತೆ, ತೂಕ, ವಿರಾಮವನ್ನೂ ಬರೆಯಲಿ. ಖರೀದಿಯ ಕಾಗದದಲ್ಲಿ ಇಲ್ಲದ್ದು ಕೆಲಸದ ಕೋಣೆಗೆ ಬರುವುದಿಲ್ಲ.

ಈ ಸಂಕಿರಣದಿಂದ ಮೂರು ಫಲಗಳನ್ನು ನಿರೀಕ್ಷಿಸುತ್ತೇನೆ. ನಮ್ಮ ಕೈಯಳತೆಗೆ, ನಮ್ಮ ರಿಜಿಸ್ಟರುಗಳ ಅಗಲಕ್ಕೆ ತಕ್ಕ ಒಂದು ವಿನ್ಯಾಸ ಸೂಚಿ ಸಿದ್ಧವಾಗಲಿ. ಪೂರ್ತಿ ದಿನದ ಬಳಕೆಯ ಪರೀಕ್ಷೆಗೆ ಎಲ್ಲರೂ ಒಪ್ಪುವ ಒಂದು ಕ್ರಮ ರೂಪುಗೊಳ್ಳಲಿ. ಪ್ರತಿ ಗೋಷ್ಠಿಯಲ್ಲೂ ಒಬ್ಬ ಆಪರೇಟರ್ ಮಾತನಾಡಲಿ, ಅವರ ಮಾತು ನಡಾವಳಿಯಲ್ಲಿ ದಾಖಲಾಗಲಿ. ಹಿಡಿ ಎಲ್ಲಿ ಒತ್ತುತ್ತದೆ, ಗುಂಡಿ ಎಲ್ಲಿರಬೇಕಿತ್ತು ಎಂಬುದು ಅವರಿಗೆ ಗೊತ್ತಿರುವಷ್ಟು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ.

ಕೈಯ ತಪ್ಪನ್ನು ತಿದ್ದುವ ಸಾಮರ್ಥ್ಯ ಯಂತ್ರಕ್ಕಿದೆ ಎಂಬುದು ಎರಡು ದಶಕಗಳಿಗೂ ಹಿಂದೆಯೇ ಸಾಬೀತಾಗಿದೆ. ಅದನ್ನು ಕೈಗೆಟುಕುವ ಬೆಲೆಯಲ್ಲಿ, ನಮ್ಮ ತಾಲ್ಲೂಕು ಕಚೇರಿಯಲ್ಲಿ ಕೂತವರಿಗೆ ತಲುಪಿಸುವುದು ಈಗ ಉಳಿದಿರುವ ಕೆಲಸ. ಈ ಸಭಾಂಗಣದಲ್ಲಿರುವ ವಿನ್ಯಾಸಕರು, ಎಂಜಿನಿಯರುಗಳು, ಅಧಿಕಾರಿಗಳು, ಆಪರೇಟರ್‌ಗಳು ಒಂದೇ ಮೇಜಿಗೆ ಕೂತರೆ ಅದು ಆಗುವ ಕೆಲಸ.