ಹಾಲಿನ ಕಾಯಕ

 

ಕಾಯಕದಲ್ಲಿ ಮೇಲು ಕೀಳೆಂಬುದಿಲ್ಲವೆಂದು ಶರಣರು ನಡೆದು ತೋರಿಸಿದರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ತುರುಗಾಹಿ ರಾಮಣ್ಣನವರು ದನ ಕಾಯುವುದನ್ನೇ ಕಾಯಕವಾಗಿ ಕೈಕೊಂಡು, ವಚನಕಾರರ ಸಾಲಿನಲ್ಲಿ ನಿಂತರು. ಆ ಗೋಪಾಲನೆಯ ಕಾಯಕವು ಇಂದು ತಾಳಿರುವ ರೂಪವನ್ನು ಮದ್ದೂರು ತಾಲ್ಲೂಕಿನ ಕೊಪ್ಪದ ಸೀಮೆಯಲ್ಲಿ ಕಾಣಬಹುದು.

ಪೂರ್ವದಲ್ಲಿ ಇಲ್ಲಿಯ ಒಕ್ಕಲಿಗೆ ದನವೆಂದರೆ ಉಳುವ ಹಳ್ಳಿಕಾರ್ ಎತ್ತು. ಹಸುವಿನ ಹಾಲು ಮನೆಯ ಮಟ್ಟಿಗೆ; ಮಜ್ಜಿಗೆ ಮಿಕ್ಕರೆ ನೆರೆಮನೆಗೆ. 1930ರ ದಶಕದಲ್ಲಿ ಕಾವೇರಿಯ ನಾಲೆ ಮಂಡ್ಯದ ಸೀಮೆಗೆ ಭತ್ತ ಕಬ್ಬುಗಳನ್ನು ತಂದಿತು. ಆದರೆ ನಾಲೆಯ ಕೊನೆಯ ಭಾಗದ ಗದ್ದೆಗೆ ನೀರು ಕಾಲಕ್ಕೆ ಒದಗದು. ಕಬ್ಬಿನ ಹಣವು ಕಟಾವಾಗುವವರೆಗೆ ಕೈಸೇರದು. ನಡುವಣ ತಿಂಗಳುಗಳಲ್ಲಿ ಬಡವನಿಗೆ ಸಾಲವೇ ಗತಿ. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ರಾಜ್ಯದಲ್ಲಿ ಹೈನುಗಾರಿಕೆಯ ಯೋಜನೆ ಮೊದಲಾಗಿ, 1984ರಲ್ಲಿ ಹಾಲು ಮಹಾಮಂಡಲಿಯೂ, 1987ರಲ್ಲಿ ಮಂಡ್ಯ ಜಿಲ್ಲೆಗೆ ಪ್ರತ್ಯೇಕ ಒಕ್ಕೂಟವೂ ಏರ್ಪಟ್ಟವು. ಇದರ ಡೈರಿಯು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿರುವುದು. ಕೊಟ್ಟಿಗೆಗೆ ಸೀಮೆಹಸು ಬಂದಿತು. ವಾರ ಪಕ್ಷಗಳ ಲೆಕ್ಕದಲ್ಲಿ ಬರುವ ಬಟವಾಡೆಯಿಂದ ಮಕ್ಕಳ ಶಾಲೆಯ ಖರ್ಚೂ ಅಂಗಡಿಯ ಬಾಕಿಯೂ ತೀರುವಂತಾಯಿತು.

ಇದಕ್ಕಿಂತಲೂ ಹಿರಿದಾದ ಮಾರ್ಪಾಡೊಂದುಂಟು. ಬೆಳಗಾಗುವ ಮುನ್ನ ಹಳ್ಳಿಯ ಡೈರಿಯ ಮುಂದೆ ಪಾತ್ರೆಗಳ ಸಾಲು ನಿಲ್ಲುವುದು. ಅಳೆಯುವಾತನು ಜಿಡ್ಡನ್ನು ನೋಡುವನಲ್ಲದೆ ಕುಲವನ್ನು ಕೇಳನು. ಎಕರೆಗಟ್ಟಲೆ ಭೂಮಿಯುಳ್ಳವನ ಹಾಲೂ, ಒಂದೇ ಹಸುವನ್ನು ನೆಚ್ಚಿದ ವಿಧವೆಯ ಹಾಲೂ ಒಂದೇ ಕ್ಯಾನಿನಲ್ಲಿ ಬೆರೆಯುವುವು. ಬೆರೆತ ಮೇಲೆ ಇದು ಯಾರ ಮನೆಯದೆಂದು ಬೇರ್ಪಡಿಸಬಲ್ಲವರು ಯಾರು? ಊರಿನ ಪಂಕ್ತಿಯಲ್ಲಿ ಇನ್ನೂ ಸಾಧ್ಯವಾಗದುದು ಆ ಕ್ಯಾನಿನಲ್ಲಿ ದಿನಕ್ಕೆ ಎರಡಾವೃತ್ತಿ ನಡೆಯುತ್ತಲಿದೆ. ಕ್ಯಾನಿನಲ್ಲಿ ಒಂದಾದ ಜನರು ಹೊರಗೆ ಬೇರೆಯಾಗಿ ಕುಳಿತರೆ ಅದು ಲಜ್ಜೆಯ ಸಂಗತಿಯೇ ಸರಿ.

ಆದರೆ ಹಣ ಬಂದಲ್ಲಿ ಲೋಭವೂ ಬರುವುದು. ಹಾಲಿಗೆ ಒಂದು ಚೊಂಬು ನೀರು ಬೆರೆಸಿದವನು ಮೋಸಮಾಡುವುದು ಡೈರಿಗೆ ಮಾತ್ರವಲ್ಲ. ಎಲ್ಲಿಯೋ ಪಟ್ಟಣದಲ್ಲಿ ಆ ಹಾಲನ್ನೇ ನಂಬಿದ ಕೂಸಿಗೆ. 2013ರಿಂದ ಸರ್ಕಾರಿ ಶಾಲೆಯ ಮಕ್ಕಳಿಗೆ ಕ್ಷೀರಭಾಗ್ಯದ ಹಾಲು ದೊರೆಯುತ್ತಿದೆ. ಹೀಗಿದ್ದೂ ಹಾಲು ಕರೆಯುವ ಮನೆಯ ಕೂಸು ಬರಿಯ ಕರಿ ಕಾಫಿ ಕುಡಿದರೆ ಆ ಸಂಪತ್ತು ಯಾರಿಗಾಗಿ? ಗಿಣ್ಣು ಕರುವಿನ ಹಕ್ಕು. ಹೋರಿಗರುವಿನಿಂದ ಲಾಭವಿಲ್ಲವೆಂದು ಅದನ್ನು ಹಸಿವಿನಿಂದ ಸಾಯಗೊಟ್ಟು, ಸೋಮವಾರ ಬಸವನಿಗೆ ಹಾಲೆರೆದರೆ ಆ ಪೂಜೆ ಸಲ್ಲುವುದೆಂತು? ಗುಡಿಯೊಳಗಿನ ಕಲ್ಲಿನ ಬಸವನಿಗಿಂತ ಮೊದಲು ಕೊಟ್ಟಿಗೆಯ ಬಸವನು ಉಣಬೇಕು.

ಆದುದರಿಂದ ಕರುವಿನ ಪಾಲು, ಕೂಸಿನ ಪಾಲು, ಸತ್ಯದ ಪಾಲು, ಈ ಮೂರನ್ನೂ ಸಲ್ಲಿಸಿ ಉಳಿದುದನ್ನು ಅಳೆದು ಕೊಡುವವನ ದುಡಿಮೆಯೇ ಕಾಯಕವೆನಿಸುವುದು. ಉಳಿದುದು ಬರಿಯ ವ್ಯಾಪಾರ. ಮಠದ ದಾಸೋಹಕ್ಕೆ ಮೊಸರು ಮಜ್ಜಿಗೆಗಳನ್ನು ಹೊತ್ತು ತರುವ ಭಕ್ತರು ಈ ಮಹೋತ್ಸವದ ನೆನಪಾಗಿ ಅಂಥ ಹಾಲನ್ನೇ ಕರೆಯುವ ನೇಮವನ್ನು ಹಿಡಿಯಲಿ.